ಒಡೆದು ನೋಡಿದ ಮಾಲು

ನಮ್ಮೂರಿನ ನಲ್ಲಿಗೆ ನೀರು ಬರುವುದು ವಾರಕ್ಕೊಮ್ಮೆ. ಬಂದ ದಿನ ಹಂಡೆ, ಕೊಡ, ಬ್ಯಾರಲ್ಲು, ಬಕೀಟು, ಕೊನೆಗೆ ಹಾಲಿನ ಪಾತ್ರೆಯವರೆಗೆ ಎಲ್ಲವನ್ನೂ ತುಂಬಿಸಿಟ್ಟು, ಮುಂದಿನ ಸರದಿಯವರೆಗೆ ಅಳೆದು ಸುರಿದು ಬಳಸಬೇಕು. ಅಂಥ ಹುಬ್ಬಳ್ಳಿಯಲ್ಲಿ ಕೂತು ದೋಣಿಯ ಸಾಮಾನು ಮಾರುತ್ತೇನೆ ಎಂದಾಗ ಜನ ನಕ್ಕರು. ನಗಲಿ. ನಕ್ಕವರು ಯಾರು ಯಾರು ಎಂಬುದು ನನಗೆ ಇಂದಿಗೂ ನೆನಪಿದೆ, ಅಷ್ಟೇ.

ಅದಕ್ಕೂ ಮೊದಲು ನಾನು ಕೇಶ್ವಾಪುರದ ಒಂದು ಕೊರಿಯರ್ ಕಚೇರಿಯಲ್ಲಿ ಹನ್ನೊಂದು ವರ್ಷ ಕೌಂಟರಿನ ಹಿಂದೆ ಕೂತಿದ್ದೆ. ಮದುವೆ ಆಗಿಲ್ಲ. ಅದರ ಹಿಂದೆ ದೊಡ್ಡ ಕಥೆ ಏನೂ ಇಲ್ಲ, ಕೇಳಿದವರಿಗೆಲ್ಲ ಹೀಗೇ ಹೇಳುತ್ತ ಬಂದಿದ್ದೇನೆ. ಕೌಂಟರಿನಲ್ಲಿ ಕೂತವರಿಗೆ ಊರಿನ ಹೊಟ್ಟೆಯೊಳಗೆ ಏನು ಹಾದುಹೋಗುತ್ತದೆ ಎಂಬುದು ಗೊತ್ತಾಗುತ್ತದೆ. ಮುಂಬೈಯಿಂದ ಕರಾವಳಿಗೆ ಹೋಗುವ ಮಾಲು ನಮ್ಮಲ್ಲಿ ಇಳಿದು, ಬೇರೆ ಗಾಡಿ ಹತ್ತಿ ಘಟ್ಟ ಇಳಿಯುತ್ತಿತ್ತು. ಹಗ್ಗದ ಸುರುಳಿ, ಸಣ್ಣ ಲಂಗರು, ತುಕ್ಕು ಹಿಡಿಯದ ಕೊಂಡಿ, ಕೈಯಿಂದ ಒತ್ತಿ ಊದುವ ಹಾರ್ನು. ತಪ್ಪು ಅಳತೆಯ ಕೊಂಡಿ ಬಂತೆಂದು ಕಾರವಾರದವರು ಫೋನಿನಲ್ಲಿ ನನ್ನನ್ನು ಬೈಯುತ್ತಿದ್ದರು, ನಾನೇ ಮಾಡಿ ಕಳಿಸಿದವಳೋ ಎಂಬಂತೆ. ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ನನಗೆ ಯಾವ ದೋಣಿಗೆ ಯಾವ ಕೊಂಡಿ ಎಂಬುದು ಬಾಯಿಪಾಠವಾಯಿತು. ಕಚೇರಿ ಮುಚ್ಚಿದ ದಿನ ನನ್ನ ಹತ್ತಿರ ಉಳಿದ ವಿದ್ಯೆ ಅದೊಂದೇ.

ಅಣ್ಣನದು ಅಮರಗೋಳದ ಎಪಿಎಂಸಿಯಲ್ಲಿ ದಲಾಲಿ ಅಂಗಡಿ. ರೈತರು ತಂದ ಹೆಸರು, ತೊಗರಿ, ಕಡಲೆಯನ್ನು ಅಲ್ಲಿ ರಾಶಿ ಹಾಕಿ ಹರಾಜು ಮಾಡುತ್ತಾರೆ. ಅಪ್ಪನ ಕಾಲದಿಂದ ನಡೆದು ಬಂದ ಅಂಗಡಿ. ಹಿಂದುಗಡೆ ಹಳೆಯ ಚೀಲ ತುಂಬಿಡುವ ಒಂದು ಖೋಲಿ ಇತ್ತು. ಅದನ್ನು ನನಗೆ ಕೊಡು ಎಂದು ಕೇಳಿದೆ. ಆನ್‌ಲೈನ್ ಅಂಗಡಿಗೆ ಗಿರಾಕಿ ಬಾಗಿಲಿಗೆ ಬರಬೇಕಿಲ್ಲ, ಮಾಲು ಇಡಲು ಜಾಗ, ಫೋನು, ಹತ್ತಿರದಲ್ಲಿ ಲಾರಿ ನಿಲ್ಲುವ ರಸ್ತೆ ಇದ್ದರೆ ಸಾಕು ಎಂದೆ. ಅಣ್ಣ ಲೆಕ್ಕದ ವಹಿ ಮುಚ್ಚಿಟ್ಟ.

"ಖೋಲಿ ತಗೋ. ಆದ್ರ ಒಂದ ಮಾತ ನೆನಪಿಟ್ಕೋ. ಈ ಪ್ಯಾಟಿಯಾಗ ನನ್ನ ಹೆಸರಿಗಿ ಧಕ್ಕಿ ಬರಬಾರದು. ಬಂತಂದ್ರ ಅವತ್ತ ಖೋಲಿ ಖಾಲಿ ಮಾಡೂದು."

ಆಯ್ತು ಎಂದೆ. ಅವನ ಹೆಸರಿಗೆ ನನ್ನ ಹಗ್ಗದಿಂದ ಏನಾದೀತು ಎಂದುಕೊಂಡೆ. ಆದರೂ ಆ ದಿನದಿಂದ ನನ್ನ ಅಂಗಡಿ ಅಣ್ಣನ ಒಂದು ಮಾತಿನ ಮೇಲೆ ನಿಂತಿತ್ತು. ಅದನ್ನು ನಾನು ಮರೆಯಲಿಲ್ಲ, ಅವನೂ ಮರೆಯಲು ಬಿಡಲಿಲ್ಲ.

ಫೋಟೊಗಳನ್ನು ಮನೆಯ ಮಾಳಿಗೆಯ ಮೇಲೆ ತೆಗೆದೆ. ಅಪ್ಪನ ಬಿಳಿ ಧೋತರ ಹಾಸಿ, ಅದರ ಮೇಲೆ ಲಂಗರು ಇಟ್ಟು, ಬೆಳಗಿನ ಬಿಸಿಲಿನಲ್ಲಿ. ಒಣಗಲು ಹಾಕಿದ ಸಂಡಿಗೆ ಒಂದು ಫೋಟೊದ ಮೂಲೆಯಲ್ಲಿ ಬಂದುಬಿಟ್ಟಿತ್ತು. ಅದನ್ನೂ ಸೇರಿಸಿ ಕಳಿಸುತ್ತೀರಾ ಎಂದು ಗೋವಾದಿಂದ ಒಬ್ಬರು ಕೇಳಿದ್ದರು. ಅಂಗಡಿಯ ಮುಂದೆ ಚೀಲ ಹೊರುವ ಹಮಾಲರಿಗಂತೂ ನಾನು ಸಿಕ್ಕಿದ್ದೇ ಹಬ್ಬ. ನಾನು ಗೇಟು ದಾಟುವುದನ್ನೇ ಕಾದಿದ್ದು, ಅಕ್ಕಾರ, ಹಡಗ ಎಷ್ಟಕ್ಕ ಬರತೈತ್ರಿ, ಉಣಕಲ್ಲಿಗೆ ಬರತೈತೋ ಇಲ್ಲಿಗೇ ಬರತೈತೋ ಎಂದು ಕೇಳುತ್ತಿದ್ದರು. ಉಣಕಲ್ಲ ಕೆರೆಗೆ ಬಂದರೆ ನಿಮ್ಮನ್ನೇ ಮೊದಲು ಹತ್ತಿಸುತ್ತೇನೆ, ಇಳಿಸುವುದಿಲ್ಲ ಎಂದು ನಾನೂ ಬಿಡುತ್ತಿರಲಿಲ್ಲ. ಮೊದಲ ವ್ಯಾಪಾರವಾದದ್ದು ಹೆಬ್ಬಳ್ಳಿಯ ಒಬ್ಬ ರೈತರಿಗೆ. ಹೆಸರು ಮಾರಲು ಬಂದವರು ನನ್ನ ನೀಲಿ ಗೆರೆಯ ಹಗ್ಗ ನೋಡಿ, ಎತ್ತಿಗೆ ಛಲೋ ಒಪ್ಪುತ್ತದೆ ಎಂದು ನಾಲ್ಕು ಮಾರು ಅಳೆಸಿಕೊಂಡು ಹೋದರು. ಅದನ್ನು ನಾನು ದೋಣಿ ವ್ಯಾಪಾರದಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ನಿಜವಾದ ಮೊದಲ ಗಿರಾಕಿ ಕುಮಟೆಯ ಆಚೆ ಹಿನ್ನೀರಿನಲ್ಲಿ ದೋಣಿ ನಡೆಸುವ ಹೆಂಗಸು. ಎರಡು ದೋಣಿ ಇಟ್ಟುಕೊಂಡು ಪ್ರವಾಸಿಗರನ್ನು ಉಪ್ಪುನೀರಿನಲ್ಲೇ ಬೇರು ಬಿಟ್ಟು ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಸುತ್ತಿಸಿ ತರುತ್ತಿದ್ದರು. ಅವರಿಗೆ ಹಗ್ಗ ಕಳಿಸಿದೆ. ನಮ್ಮಲ್ಲಿ ಹಗ್ಗ ಮಾರುವಾಗ ತುದಿಗೆ ಒಂದು ಗಂಟು ಹಾಕಿಯೇ ಕೊಡುವುದು ರೂಢಿ. ಗಂಟಿಲ್ಲದ ಹಗ್ಗ ಬಿಚ್ಚಿಕೊಳ್ಳುತ್ತದೆ, ಬೋಳು ತುದಿಯ ಹಗ್ಗವನ್ನು ಮನೆಯೊಳಗೆ ತರಬಾರದು ಎಂದು ಅವ್ವನ ಶಾಸ್ತ್ರ ಬೇರೆ. ಎರಡೂ ತುದಿಗೆ ಬಿಗಿಯಾಗಿ ಗಂಟು ಬಿಗಿದೆ, ಮೇಲೆ ಅರ್ಧ ಮಾರು ಕೊಸರು ಬಿಟ್ಟು ಕಳಿಸಿದೆ. ಮೂರನೇ ದಿನ ಫೋನು ಬಂತು.

"ಯಾರ್ರಾ ಹಗ್ಗಕ್ಕೆ ಗಂಟು ಹಾಕಿದ್ದು? ರಾಟೆಯಲ್ಲಿ ಸಿಕ್ಕಿ ಕೂತಿದೆ, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ನೀವು ದೋಣಿ ಕಂಡಿದ್ದೀರಾ ಇಲ್ವಾ?"

ಕಂಡಿಲ್ಲ ಎಂದೆ. ಸುಳ್ಳು ಹೇಳಿ ಏನಾಗಬೇಕಿತ್ತು? ಅವರು ನಗಲು ಶುರುಮಾಡಿದರು. ನಕ್ಕವರಲ್ಲಿ ಅವರೊಬ್ಬರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತುದಿಯನ್ನು ಬೆಂಕಿಯಲ್ಲಿ ಕರಗಿಸಿ, ಸಣ್ಣ ದಾರ ಸುತ್ತಿ ಕಳಿಸಬೇಕೆಂದು ಫೋನಿನಲ್ಲೇ ಕಲಿಸಿದರು. ಅಲ್ಲಿಂದ ಅವರು ಬೇರೆಯವರ ಹತ್ತಿರ ಏನನ್ನೂ ಕೊಳ್ಳಲಿಲ್ಲ, ಪಕ್ಕದ ನಾಲ್ಕು ದೋಣಿಯವರಿಗೂ ನನ್ನ ನಂಬರು ಕೊಟ್ಟರು. ಗಿರಾಕಿಗಳ ಹೆಸರು, ನಂಬರು ಬರೆದಿಡುತ್ತಿದ್ದ ನನ್ನ ಖೋಲಿಯ ಗೋಡೆ ಒಂದು ವರ್ಷದಲ್ಲಿ ಅರ್ಧದಷ್ಟು ಅವರ ಕಡೆಯವರ ಹೆಸರುಗಳಿಂದಲೇ ತುಂಬಿತ್ತು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹನ್ನೆರಡು ಲೈಫ್ ಜಾಕೆಟ್ ಕೇಳಿದರು. ಮಳೆಯಲ್ಲಿ ನಿಂತಿದ್ದ ದೋಣಿಗಳು ಮುಂದಿನ ಶನಿವಾರ ಮತ್ತೆ ಇಳಿಯುವವು, ಹಳೆಯವನ್ನು ಇಲಿ ಕಡಿದಿದೆ, ಹೊಸವು ಇಲ್ಲದಿದ್ದರೆ ಅಧಿಕಾರಿಗಳು ದೋಣಿ ಬಿಡುವುದಿಲ್ಲ ಎಂದರು. ನಾನು ಅದುವರೆಗೆ ಜಾಕೆಟ್ ಮಾರಿರಲಿಲ್ಲ. ಅಣ್ಣನಿಗೆ ಪೇಟೆಯಲ್ಲಿ ಪರಿಚಯದ ಒಬ್ಬ ವ್ಯಾಪಾರಿ ಇದ್ದರು, ಚೀಲ, ರಾಶಿಗೆ ಹೊದಿಸುವ ತಾಡಪತ್ರಿ, ಎಲ್ಲ ತರಿಸಿಕೊಡುವವರು. ಅಣ್ಣ ಒಂದು ಮಾತು ಹೇಳಿದ, ಅವರು ನಲವತ್ತು ಜಾಕೆಟ್ ತರಿಸಿಕೊಟ್ಟರು. ಕೇಸರಿ ಬಣ್ಣ, ಬೆಳ್ಳಿ ಪಟ್ಟಿ, ಮಿಂಚುವ ಬಕಲ್ಲು. ನೋಡಿದರೆ ಕಣ್ಣು ತುಂಬುವಂತಿದ್ದವು. ನಾನು ಸಂಭ್ರಮದಲ್ಲಿ ಅವತ್ತೇ ಹನ್ನೆರಡನ್ನು ಕಟ್ಟಿ ಕುಮಟೆಯ ಗಾಡಿಗೆ ಹಾಕಿದೆ.

ತಪ್ಪಾದದ್ದು ಅಲ್ಲಿ. ಅದನ್ನು ಮಾಡಿದವಳು ನಾನು. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಮುಂದೆ ನಾನು ಬೇರೆಯವರ ಮೇಲೆ ಬಹಳ ಸಿಟ್ಟು ಮಾಡಲಿದ್ದೇನೆ.

ನಮ್ಮ ಪೇಟೆಯಲ್ಲಿ ಯಾವ ಮಾಲನ್ನೂ ಒಡೆದು ನೋಡದೆ ಒಳಗೆ ತೆಗೆದುಕೊಳ್ಳುವುದಿಲ್ಲ. ಚೀಲದ ಹೊಟ್ಟೆಗೆ ಚುಚ್ಚಿ ಕಾಳು ಹೊರಗೆ ತೆಗೆಯಲು ಒಂದು ಮೊನೆಯಿರುವ ಕಬ್ಬಿಣದ ಕೊಳವೆ ಇರುತ್ತದೆ. ಮೇಲಿನ ಕಾಳು ಎಷ್ಟೇ ಹೊಳೆಯಲಿ, ನಡುವಿನದನ್ನು ಅಂಗೈ ಮೇಲೆ ಹಾಕಿಕೊಂಡು, ಬಾಯಲ್ಲಿ ಒಂದು ಕಡಿದು, ಆಮೇಲೆಯೇ ಮಾತು. ಅಪ್ಪ ಸ್ವಂತ ಬೀಗರು ತಂದ ತೊಗರಿಗೂ ಚುಚ್ಚುತ್ತಿದ್ದರು. ಬೀಗರು ಮುಖ ಊದಿಸಿಕೊಂಡರೆ, ನಿಮ್ಮ ಮೇಲಲ್ಲ, ಚೀಲದ ಮೇಲೆ ಸಂಶಯ ಎನ್ನುತ್ತಿದ್ದರು. ಇದನ್ನು ನೋಡುತ್ತ ಬೆಳೆದವಳು ನಾನು. ಆದರೆ ಜಾಕೆಟ್ಟಿಗೆ ಚುಚ್ಚುವುದು ನನ್ನ ತಲೆಗೆ ಬರಲಿಲ್ಲ.

ಬಂದದ್ದು ಅಣ್ಣನಿಗೆ, ಅದೂ ಚೇಷ್ಟೆಗೆ. ಗುರುವಾರ ಬೆಳಿಗ್ಗೆ ಖೋಲಿಗೆ ಬಂದವನು ಕೇಸರಿ ರಾಶಿ ನೋಡಿ, ಬಾಗಿಲಲ್ಲೇ ನಿಂತು ಕೊಳವೆಯನ್ನು ನನ್ನ ಕಡೆ ಚಾಚಿದ.

"ಮಾಲ ಒಡದ ನೋಡಿಯೇನು? ಅಪ್ಪ ಇದ್ದಿದ್ರ ನಿನ್ನ ಪ್ಯಾಟಿಯಾಗ ನಿಲ್ಲಾಕ ಬಿಡತಿರಲಿಲ್ಲ."

ನಗುತ್ತಲೇ ಅಂದಿದ್ದ. ನನಗೆ ಉರಿಯಿತು. ಕೊಳವೆ ಕಸಿದುಕೊಂಡು ಮೇಲಿನ ಜಾಕೆಟ್ಟಿನ ಹೊಟ್ಟೆಗೆ ಚುಚ್ಚಿದೆ. ಹೊಸ ಮಾಲು ಹಾಳಾಯಿತು ಎಂದು ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗಿದ್ದದ್ದು ಟಿವಿ, ಫ್ರಿಜ್ಜಿನ ಡಬ್ಬಿಯಲ್ಲಿ ಮೂಲೆಗೆ ತುರುಕುತ್ತಾರಲ್ಲ, ಅಂಥ ಸ್ಪಂಜು. ತುಂಡು ತುಂಡು, ಒಂದು ಹಳದಿ, ಒಂದು ಬೂದು. ಹಿಂಡಿದರೆ ಹಿಂಡಿಸಿಕೊಳ್ಳುವಂಥದ್ದು. ಅಂದರೆ ನೀರು ಕುಡಿಯುವಂಥದ್ದು.

ನಾನು ಒಡೆಯದ ಒಂದು ಜಾಕೆಟ್ಟು ಮತ್ತು ಐದು ಕಿಲೋದ ತೂಕದ ಕಲ್ಲು ತೆಗೆದುಕೊಂಡು ಮನೆಗೆ ಹೋದೆ. ಹಿಂದಿನ ದಿನವಷ್ಟೇ ನೀರು ಬಂದಿತ್ತು. ಬಚ್ಚಲ ಮನೆಯ ಬ್ಯಾರಲ್ಲು ಕಂಠಮಟ್ಟ ತುಂಬಿತ್ತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯಲು ಆಗಷ್ಟೇ ಕೂತಿದ್ದಳು. ಜಾಕೆಟ್ಟಿಗೆ ಕಲ್ಲು ಕಟ್ಟಿ ಬ್ಯಾರಲ್ಲಿಗೆ ಬಿಟ್ಟೆ. ತೇಲಿತು. ಚೆನ್ನಾಗಿಯೇ ತೇಲಿತು, ನನಗೆ ಒಂದು ಗಳಿಗೆ ಆಸೆ ಹುಟ್ಟಿತು. ವಾರದ ನೀರಿಗೆ ಅಂಗಡಿಯ ಕಲ್ಲು ಹಾಕಿದ್ದು ಕಂಡ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ನನ್ನ ಬುದ್ಧಿಗೆ ಏನಾಗಿದೆ ಎಂದು ಕೇಳಿದಳು. ಸ್ವಲ್ಪ ಹೊತ್ತು ಸುಮ್ಮನಿರು, ನೋಡಬೇಕು ಎಂದೆ. ಅವಳ ಆರನೇ ರೊಟ್ಟಿಗೆ ಜಾಕೆಟ್ಟಿನ ಭುಜ ನೀರಿನ ಮಟ್ಟಕ್ಕೆ ಬಂತು. ಒಂಬತ್ತನೆಯದಕ್ಕೆ ಬೆಳ್ಳಿ ಪಟ್ಟಿ ಕಾಣಲಿಲ್ಲ. ರೊಟ್ಟಿ ಮುಗಿದು ಅವ್ವ ಹೆಂಚು ಇಳಿಸುವಾಗ ಕಲ್ಲು ತಳಕ್ಕೆ ತಾಗಿದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಅವ್ವ ಬ್ಯಾರಲ್ಲಿನೊಳಗೆ ಬಗ್ಗಿ ನೋಡಿ, ಇದನ್ನು ಯಾರಿಗಾದರೂ ಕೊಟ್ಟಿದ್ದೀಯಾ ಎಂದು ಕೇಳಿದಳು. ಹನ್ನೆರಡು ಕೊಟ್ಟಿದ್ದೇನೆ ಎಂದೆ.

ಅಂಗಡಿಗೆ ಓಡುತ್ತಲೇ ಹಿಂತಿರುಗಿದೆ. ಸಿಟ್ಟೋ ಹೆದರಿಕೆಯೋ ಈಗಲೂ ಬೇರೆ ಮಾಡಿ ಹೇಳಲಾರೆ. ಅಣ್ಣ ಅಷ್ಟರಲ್ಲಿ ಯೋಚನೆ ಮಾಡಿ ಮುಗಿಸಿದ್ದ. ಒಡೆದದ್ದನ್ನು ಹೊಲಿಸೋಣ, ಉಳಿದವನ್ನು ಯಾವುದಾದರೂ ರೆಸಾರ್ಟಿಗೆ ದಾಟಿಸೋಣ, ತಂದುಕೊಟ್ಟವರು ಇಪ್ಪತ್ತು ವರ್ಷದ ಪರಿಚಯ, ಅವರ ಮುಂದೆ ಮಾತು ಎತ್ತುವುದು ಬೇಡ ಎಂದ. ಜಾಕೆಟ್ಟು ಹಾಕಿಕೊಳ್ಳುವುದು ಫೋಟೊಕ್ಕೆ, ನೀರಿಗೆ ಬೀಳುವವರು ಯಾರು ಎಂದ. ಹುಳ ಹಿಡಿದ ಒಂದು ಹಿಡಿ ಹೆಸರು ಕಂಡರೆ ಇಡೀ ಲಾಟು ತಿರುಗಿಸಿ ಕಳಿಸುವವನು ಇವನು. ನನ್ನ ಕಣ್ಣ ಮುಂದೆಯೇ ಎಷ್ಟೋ ಸಲ ಕಳಿಸಿದ್ದಾನೆ.

"ಹುಳಾ ಹತ್ತಿದ ಹೆಸರಿನ ಬ್ಯಾಳಿ ತಿಂದ್ರ ಹೊಟ್ಟಿ ನೋಯತೈತಿ ಅಷ್ಟ. ಇದನ್ನ ನಂಬಿದವರು ಸಾಯತಾರ," ಎಂದೆ.

"ನನ್ನ ಮಾತಿನ ಮ್ಯಾಲ ಮಾಲ ಕೊಟ್ಟಾರವರು. ನನ್ನ ಹೆಸರ ಕೆಡಸಬ್ಯಾಡ ಅಂತ ಮದಲ ಹೇಳೇನಿ ನಿನಗ."

ಹೆಸರು ಎನ್ನುವುದು ಅವನಿಗೆ ತಂದುಕೊಟ್ಟವರ ಮುಂದೆ ಉಳಿಯಬೇಕಾದದ್ದು, ನನಗೆ ತೊಟ್ಟುಕೊಂಡವರ ಮುಂದೆ. ಇದನ್ನು ಅವನಿಗೆ ತಿಳಿಸಿ ಹೇಳಲು ನನಗೆ ಆವತ್ತು ವ್ಯವಧಾನ ಇರಲಿಲ್ಲ. ಫೋನು ಹಿಡಿದು ಹೊರಗೆ ಬಂದೆ.

ಆ ಹನ್ನೆರಡನ್ನು ಯಾರಿಗೂ ತೊಡಿಸಬೇಡಿ, ವಾಪಸ್ ಕೊಡಿ ಎಂದಾಗ ಕುಮಟೆಯ ದೋಣಿಯವರು ಮೊದಲು ನಂಬಲಿಲ್ಲ. ಹೆಚ್ಚಿಗೆ ಕೊಡುವವರು ಬೇರೆ ಯಾರೋ ಸಿಕ್ಕಿರಬೇಕು, ಅದಕ್ಕೇ ಮಾಲು ವಾಪಸ್ ಕೇಳುತ್ತಿದ್ದೀರಿ ಎಂದರು. ಬ್ಯಾರಲ್ಲಿನ ಕಥೆ ಹೇಳಿದೆ. ನಾಲ್ಕು ತಿಂಗಳು ದೋಣಿ ನಿಂತಿದೆ, ಶನಿವಾರಕ್ಕೆ ಜನ ಹೇಳಿಟ್ಟಿದ್ದಾರೆ, ಜಾಕೆಟ್ ಇಲ್ಲದೆ ನಾನು ದಡದಲ್ಲಿ ಕೂರಲಾ ಎಂದು ಕೇಳಿದರು. ಶನಿವಾರ ಹತ್ತು ಗಂಟೆಯವರೆಗೆ ಕಾಯುತ್ತೇನೆ, ಬೇರೆ ಹನ್ನೆರಡು ತಂದುಕೊಟ್ಟರೆ ಇವನ್ನು ಕೊಡುತ್ತೇನೆ, ತರದಿದ್ದರೆ ಇವನ್ನೇ ಹಾಕಿ ಬಿಡುತ್ತೇನೆ. ಅವರು ಹೇಳಿದ್ದು ಇಷ್ಟು. ಅವರನ್ನೂ ನಾನು ಬೈಯಲಾರೆ, ಅವರ ಒಲೆ ಉರಿಯುವುದು ದೋಣಿಯಿಂದ.

ಎರಡು ದಿನವೂ ಇರಲಿಲ್ಲ. ಕೊರಿಯರ್ ಕಚೇರಿಯಲ್ಲಿದ್ದಾಗ ನನ್ನನ್ನು ಅತಿ ಹೆಚ್ಚು ಬೈದವರು ಯಾರು ಎಂದು ಯೋಚಿಸಿದೆ. ಪಣಜಿಯ ಒಬ್ಬ ಮುದುಕರು, ಹಡಗಿನ ಸಾಮಾನಿನ ಅಂಗಡಿಯವರು. ಒಂದು ಕೊಂಡಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಫೋನು ಕಿತ್ತುಹೋಗುವಂತೆ ಕೂಗುತ್ತಿದ್ದರು. ಅಷ್ಟು ಕೂಗುವವರು ಸುಳ್ಳು ಮಾಲು ಇಟ್ಟಿರಲಾರರು ಎಂದು ಅವರಿಗೇ ಫೋನು ಹಚ್ಚಿದೆ. ಏನಾಯಿತೆಂದು ಪೂರ್ತಿ ಕೇಳಿ, ಮೊದಲು ನನ್ನನ್ನು ಸರಿಯಾಗಿ ಬೈದರು. ಬೈದು ಮುಗಿಸಿ, ಇರುವುದೇ ಹನ್ನೆರಡು, ನೇರ ಕುಮಟೆಗೆ ಕಳಿಸಲೇ ಎಂದರು; ಬೇಡ, ಈ ಸಲ ನನ್ನ ಕಣ್ಣಿಂದ ನೋಡಿಯೇ ಕೊಡುತ್ತೇನೆ ಎಂದಾಗ, ಶುಕ್ರವಾರ ಬೆಳಗಿನ ಹುಬ್ಬಳ್ಳಿ ಬಸ್ಸಿನಲ್ಲಿ ಇಡುತ್ತೇನೆ ಎಂದರು.

ಶುಕ್ರವಾರ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಗಂಟು ಇಳಿಸಿಕೊಂಡು ಖೋಲಿಗೆ ತಂದೆ. ಇವು ಕಾಣಲು ಅಷ್ಟು ಚಂದ ಇರಲಿಲ್ಲ. ಮಾಸಲು ಕೆಂಪು, ದಪ್ಪ ಹೊಲಿಗೆ. ಹನ್ನೆರಡೇ ಇದ್ದವು, ಬೇಕಾದದ್ದೂ ಹನ್ನೆರಡೇ. ಬ್ಲೇಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಒಂದು ಒಡೆದರೆ ಹನ್ನೊಂದೇ ಉಳಿಯುತ್ತವೆ. ಒಡೆಯದಿದ್ದರೆ ಮೊನ್ನೆ ಮಾಡಿದ್ದನ್ನೇ ಇವತ್ತೂ ಮಾಡಿದಂತೆ. ಸೀಳಿದೆ. ಒಳಗೆ ಒಂದೇ ಅಖಂಡ ಬಿಳಿ ಹಲಗೆ, ಉಗುರು ಊರಿದರೆ ಊರದಷ್ಟು ಗಟ್ಟಿ. ಮನೆಗೆ ಒಯ್ದು ಬ್ಯಾರಲ್ಲಿಗೆ ಹಾಕಿದೆ, ಕಲ್ಲು ಕಟ್ಟಿ. ಅವ್ವ ಈ ಸಲ ಬೈಯಲಿಲ್ಲ, ಮಣೆ ತಂದು ಬ್ಯಾರಲ್ಲಿನ ಪಕ್ಕವೇ ಕೂತಳು. ಸಂಜೆಯ ದೀಪ ಹಚ್ಚುವವರೆಗೂ ಅದು ತೇಲಿತು.

ಅದನ್ನು ಅವ್ವನ ಕಾವಲಿಗೆ ಬಿಟ್ಟು ನಾನು ಖೋಲಿಗೆ ಹೋಗಿ ಇನ್ನೊಂದು ಕೆಲಸ ಮಾಡಿದೆ. ಅಲ್ಲಿ ಮೊದಲಿನ ಲಾಟಿನ ಇಪ್ಪತ್ತಾರು ಜಾಕೆಟ್ಟು ಇನ್ನೂ ಒಡೆಯದೆ ಉಳಿದಿದ್ದವು. ನಾನು ಊರಲ್ಲಿಲ್ಲದಾಗ ಅವು ಅಲ್ಲಿ ಇರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅಣ್ಣ ಕೆಟ್ಟವನಲ್ಲ, ಆದರೆ ಮಾಲು ಕೊಳೆಯುವುದನ್ನು ನೋಡಿಕೊಂಡು ಕೂರುವ ಜಾತಿಯವನಲ್ಲ. ಒಂದೊಂದನ್ನೇ ತೊಡೆಯ ಮೇಲೆ ಹಾಕಿಕೊಂಡು ಕುತ್ತಿಗೆಯಿಂದ ಸೊಂಟದವರೆಗೆ ಸೀಳಿದೆ, ಪಟ್ಟಿ ಕತ್ತರಿಸಿದೆ, ಬಕಲ್ಲು ಕಿತ್ತೆ. ಹೊಲಿಯಲು ಬರದಂತೆ, ಅಂಚಿನಲ್ಲಿ ಅಲ್ಲ, ನಡುವಿನಲ್ಲಿ. ಹಮಾಲರಲ್ಲಿ ಹಿರಿಯರೊಬ್ಬರು ಬಾಗಿಲಿಗೆ ಬಂದು ನೋಡಿದರು. ಆವತ್ತು ಹಡಗಿನ ಮಾತು ಆಡಲಿಲ್ಲ. ಒಳಗೆ ಬಂದು, ಸ್ಪಂಜಿನ ಒಂದು ತುಂಡನ್ನು ಹಿಂಡಿ ನೋಡಿ, ಕೆಳಗಿಟ್ಟು ಹೋದರು. ಇಪ್ಪತ್ತಾರನೆಯದು ಮುಗಿದಾಗ ನನ್ನ ಬೆರಳಿನ ಸಂದಿಯಲ್ಲಿ ರಕ್ತ ಬಂದಿತ್ತು. ಬಹಳ ಸಮಾಧಾನವಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಶನಿವಾರ ನಸುಕಿನ ಮೊದಲ ಬಸ್ಸು ಹತ್ತಿದೆ. ಹನ್ನೊಂದು ಜಾಕೆಟ್ಟನ್ನು ಗೋಣಿಚೀಲದಲ್ಲಿ ತುಂಬಿ ಕಾಲ ಬಳಿ ಇಟ್ಟುಕೊಂಡಿದ್ದೆ, ಕಂಡಕ್ಟರು ಅದಕ್ಕೂ ಲಗೇಜು ಹಾಕಿದರು. ಯಲ್ಲಾಪುರದವರೆಗೆ ಎಲ್ಲ ಸರಿ ಇತ್ತು. ಅರಬೈಲು ಘಟ್ಟದಲ್ಲಿ ಒಂದು ಟ್ಯಾಂಕರು ಅಡ್ಡ ನಿಂತು ಬಸ್ಸು ಕದಲಲಿಲ್ಲ. ಫೋನಿಗೆ ಸಿಗ್ನಲ್ಲು ಇಲ್ಲ. ಅಂಕೋಲೆಯಲ್ಲಿ ಸಿಗ್ನಲ್ಲು ಬಂದಾಗ ಹತ್ತು ದಾಟಿತ್ತು. ದೋಣಿಯವರ ಫೋನು ಹತ್ತಲಿಲ್ಲ.

ನಾನು ದೋಣಿ ಕಟ್ಟುವ ದಕ್ಕೆಗೆ ತಲುಪಿದಾಗ ದೋಣಿ ಹೋಗಿತ್ತು. ಅಲ್ಲಿ ಟಿಕೆಟ್ ಹರಿಯುವ ಮುದುಕರೊಬ್ಬರು, ಹನ್ನೆರಡು ಜನ, ಇನ್ನು ಮುಕ್ಕಾಲು ತಾಸಿಗೆ ಬರುತ್ತಾರೆ ಎಂದರು. ಹಾಕಿದ್ದು ಯಾವ ಜಾಕೆಟ್ಟು ಎಂದು ಕೇಳಿದೆ. ಹೊಸವು, ಚಂದ ಇವೆ ಎಂದರು.

ಆ ಮುಕ್ಕಾಲು ತಾಸನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹಿನ್ನೀರು ಕದಲದೆ ಬಿದ್ದಿತ್ತು, ಆಚೆ ದಡದಲ್ಲಿ ಕಾಂಡ್ಲಾ ಗಿಡಗಳ ಹಸಿರು, ಗಾಳಿ ಇಲ್ಲ. ಹೆದರುವಂಥದ್ದು ಏನೂ ಕಾಣುತ್ತಿರಲಿಲ್ಲ. ನಾನು ಮಾತ್ರ ಚೀಲದ ಮೇಲೆ ಕೂತು, ಅವ್ವನ ಆರನೇ ರೊಟ್ಟಿ, ಒಂಬತ್ತನೇ ರೊಟ್ಟಿ ಎಂದು ಎಣಿಸುತ್ತಿದ್ದೆ. ಅಣ್ಣನ ಮೇಲೆ, ತಂದುಕೊಟ್ಟವರ ಮೇಲೆ ಎರಡು ದಿನದಿಂದ ಕಟ್ಟಿಕೊಂಡು ಬಂದಿದ್ದ ಸಿಟ್ಟು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಹನ್ನೆರಡು ಜನರ ಮೈಮೇಲೆ ಇದ್ದದ್ದನ್ನು ಕಟ್ಟಿ ಕಳಿಸಿದ್ದು ನನ್ನ ಕೈ. ಆ ದೋಣಿಗೆ ಏನಾದರೂ ಆಗಿದ್ದರೆ ನಾನು ಹುಬ್ಬಳ್ಳಿಗೆ ಯಾವ ಮುಖ ಹೊತ್ತು ಹೋಗುತ್ತಿದ್ದೆನೋ ಗೊತ್ತಿಲ್ಲ.

ಮೊದಲು ಕಂಡದ್ದು ಕೇಸರಿ ಚುಕ್ಕೆಗಳು. ಎಣಿಸಲು ನೋಡಿದೆ, ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. ದೋಣಿ ದಡಕ್ಕೆ ತಾಗಿದ ಮೇಲೆ ಮತ್ತೆ ಎಣಿಸಿದೆ. ಹನ್ನೆರಡು. ಒಂದು ಮದುವೆ ಮನೆಯವರಂತೆ ಕಂಡರು, ಗಂಡಸರು ಹೆಂಗಸರು ಎಲ್ಲ ನಗುತ್ತ, ಒಬ್ಬರಿಗೊಬ್ಬರು ಫೋಟೊ ತೋರಿಸುತ್ತ ಇಳಿದರು. ನಾನು ದಾರಿಗೆ ಅಡ್ಡ ನಿಂತು ಒಬ್ಬೊಬ್ಬರ ಮೈಯಿಂದ ಜಾಕೆಟ್ಟು ಬಿಚ್ಚಿಸಿಕೊಂಡೆ. ನನ್ನನ್ನು ದೋಣಿಯ ಕೆಲಸದವಳು ಎಂದುಕೊಂಡು ಒಬ್ಬರು ಇಪ್ಪತ್ತು ರೂಪಾಯಿ ಕೈಗಿಟ್ಟರು.

ಕೊನೆಗೆ ಇಳಿದವರು ದೋಣಿಯವರು. ಎರಡು ವರ್ಷ ಫೋನಿನಲ್ಲಿ ಕೇಳಿದ ದನಿಗೆ ಆವತ್ತು ಮುಖ ಬಂತು. ನನಗಿಂತ ಗಿಡ್ಡ, ತಲೆಗೆ ಟವೆಲು ಸುತ್ತಿದ್ದರು. ಗಿರಾಕಿಗಳ ಮುಂದೆ ನಾನು ಮಾಡಿದ್ದು ನೋಡಿ ಅವರ ಮುಖ ಕೆಂಪಾಗಿತ್ತು. ಮಾತಾಡುವ ಮೊದಲು ನಾನು ಒಂದು ಜಾಕೆಟ್ಟು ಸೀಳಿ ಅವರ ಕೈಗೆ ಕೊಟ್ಟೆ. ಅವರು ಸ್ಪಂಜನ್ನು ಹೊರಗೆ ಎಳೆದು, ಬಗ್ಗಿ ನೀರಿನಲ್ಲಿ ಅದ್ದಿ, ಎತ್ತಿ ಹಿಂಡಿದರು. ನೀರು ಧಾರೆಯಾಗಿ ಇಳಿಯಿತು. ಇನ್ನೊಮ್ಮೆ ಅದ್ದಿ ಹಿಂಡಿದರು. ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡು ಉಳಿದ ಹನ್ನೊಂದನ್ನು ಅವರೇ ಸೀಳಿದರು.

ನನ್ನ ಚೀಲದಿಂದ ಕೆಂಪು ಜಾಕೆಟ್ಟು ತೆಗೆದು ಸಾಲಾಗಿ ಇಟ್ಟೆ. ಹನ್ನೊಂದು ಇವೆ, ಒಂದನ್ನು ಒಡೆದು ನೋಡಿದೆ, ದೋಣಿಗೆ ಇವತ್ತು ಹನ್ನೊಂದೇ ಜನರನ್ನು ಹತ್ತಿಸಿ ಎಂದೆ. ಅವರು ಸಾಲನ್ನೂ ನೋಡಿದರು, ನನ್ನನ್ನೂ ನೋಡಿದರು.

"ಮೊನ್ನೆಯದನ್ನೂ ನೀವೇ ಕಳ್ಸಿದ್ದು. ಇದನ್ನ ನಾನು ಹೇಗೆ ನಂಬೂದು?"

ಕೇಳಬೇಕಾದ ಮಾತೇ. ನಾನು ಅವ್ವ ತುಂಬಿಸಿದ ಬಕೀಟಿಗಿಂತ ಹೆಚ್ಚು ನೀರಿಗೆ ಇಳಿದವಳಲ್ಲ, ಈಜು ಬರುವುದಿಲ್ಲ. ಸಾಲಿನಿಂದ ಕೈಗೆ ಸಿಕ್ಕಿದ ಒಂದು ಜಾಕೆಟ್ಟು ಎತ್ತಿ ಚೂಡಿದಾರದ ಮೇಲೆ ಹಾಕಿಕೊಂಡೆ, ಓಢಣಿ ತೆಗೆದು ಚೀಲದ ಮೇಲಿಟ್ಟೆ, ಚಪ್ಪಲಿ ಬಿಟ್ಟೆ. ಟಿಕೆಟ್ಟಿನ ಮುದುಕರು ಬೇಡ ಬೇಡ ಎನ್ನುತ್ತಿದ್ದರು. ಇನ್ನೊಂದು ಸಲ ಯೋಚಿಸಿದರೆ ಆಗುವುದಿಲ್ಲ ಎಂದು ಗೊತ್ತಿದ್ದರಿಂದ ದಕ್ಕೆಯ ಅಂಚಿನಿಂದ ಕಾಲು ಮುಂದಿಟ್ಟೆ.

ತಲೆಯ ಮೇಲೆ ನೀರು ಮುಚ್ಚಿತು. ಕಿವಿಯಲ್ಲಿ, ಮೂಗಿನಲ್ಲಿ, ಉಪ್ಪು. ಕಾಲಿಗೆ ನೆಲ ಸಿಗಲಿಲ್ಲ. ಆಯಿತು, ಮುಗಿಯಿತು ಎಂದು ಖರೆಯಾಗಿ ಅನಿಸಿತು. ಆಮೇಲೆ ಯಾರೋ ಕಂಕುಳಲ್ಲಿ ಕೈ ಹಾಕಿ ಎತ್ತಿದಂತೆ ಮೇಲೆ ಬಂದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಕೆಮ್ಮುತ್ತಿದ್ದೆ, ಕೂದಲು ಬಾಯಿಗೆ ಬಂದಿತ್ತು, ಕಾಲು ಬಡಿಯುವುದನ್ನು ನಿಲ್ಲಿಸಿದರೂ ಮುಳುಗಲಿಲ್ಲ. ಅವರು ಒಂದು ಹಗ್ಗ ಎಸೆದರು. ಹಿಡಿಯಲಿಲ್ಲ. ಹಿಡಿದರೆ ಹಗ್ಗದಿಂದ ತೇಲಿದಳು ಎಂದಾಗುತ್ತದೆ. ಎರಡೂ ಕೈ ನೀರಿನ ಮೇಲೆ ಎತ್ತಿ ತೋರಿಸಿದೆ. ಎಷ್ಟು ಹೊತ್ತು ಹಾಗಿದ್ದೆನೋ, ಅವರೇ ಸೊಂಟದವರೆಗೆ ನೀರಿಗಿಳಿದು ಬಂದು ನನ್ನ ಜಾಕೆಟ್ಟಿನ ಕೊರಳು ಹಿಡಿದು ಮೆಟ್ಟಿಲಿಗೆ ಎಳೆದರು.

"ಹುಚ್ಚಿ ನೀನು," ಎಂದರು. ಮೊದಲ ಸಲ ನೀನು ಎಂದಿದ್ದರು. ಎರಡನೇ ದೋಣಿಗೂ ಹನ್ನೆರಡು ಬೇಕು ಎಂದರು, ಸಾವಕಾಶ ಕಳಿಸಿದರೂ ಆದೀತು.

ಮೆಟ್ಟಿಲ ಮೇಲೆ ಕೂತು ನೀರು ಹಿಂಡಿಕೊಳ್ಳುತ್ತಿದ್ದಾಗ ಅಣ್ಣನ ಫೋನು ಬಂತು. ಖೋಲಿಯ ಬಾಗಿಲು ತೆಗೆದು ನೋಡಿದ್ದ. ಸುದ್ದಿ ತಿಳಿದು ಮಾಲು ತಂದುಕೊಟ್ಟವರೂ ಅಂಗಡಿಗೆ ಬಂದು ಇಡೀ ಪೇಟೆ ಕೇಳುವಂತೆ ಕೂಗಾಡಿ ಹೋಗಿದ್ದರಂತೆ. ಅವನ ದನಿಯಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು, ಅದಕ್ಕೇ ನನಗೂ ಸ್ವಲ್ಪ ಸಂಕಟವಾಯಿತು.

"ಇಪ್ಪತ್ತ ವರ್ಷದ ಹೆಸರ ಒಂದ ದಿನದಾಗ ತಗದಿ. ಖೋಲಿ ಖಾಲಿ ಮಾಡು."

"ಮಾಡತೇನಿ," ಎಂದೆ. "ಹನ್ನೆರಡ ಮಂದಿ ಹೊಳ್ಳಿ ಬಂದ್ರು ಅಣ್ಣಾ. ನಾ ಎಣಿಸೇನಿ."

ಅವನು ಫೋನು ಇಡಲಿಲ್ಲ. ಆ ಕಡೆ ಹರಾಜಿನ ಕೂಗು ಕೇಳುತ್ತಿತ್ತು. ಕೊನೆಗೆ ನಾನೇ ಇಟ್ಟೆ.

ಈಗ ನನ್ನ ಅಂಗಡಿ ಕೇಶ್ವಾಪುರದಲ್ಲಿದೆ, ಒಂದೇ ಶಟರಿನ ಬಾಡಿಗೆ ಮಳಿಗೆ, ಪಕ್ಕದಲ್ಲಿ ಗಿರಣಿ. ಸಾಮಾನಿನ ಮೇಲೆಲ್ಲ ಹಿಟ್ಟು ಕೂರುತ್ತದೆ, ದಿನಾ ಒರೆಸುತ್ತೇನೆ. ಅಣ್ಣ ಇನ್ನೂ ಇಲ್ಲಿಗೆ ಬಂದಿಲ್ಲ. ಬರುವಂತೆ ನಾನು ಕರೆದೂ ಇಲ್ಲ, ಕ್ಷಮೆಯನ್ನಂತೂ ಕೇಳಿಲ್ಲ, ಕೇಳುವುದೂ ಇಲ್ಲ. ಜಾಕೆಟ್ಟು ಮಾತ್ರ ಬಿಟ್ಟಿಲ್ಲ, ಈಗ ಹೆಚ್ಚು ಹೋಗುವುದು ಅದೇ. ಪ್ರತಿ ಪೊಟ್ಟಣದಲ್ಲಿ ಕೈಯಲ್ಲಿ ಬರೆದ ಒಂದು ಚೀಟಿ ಇಡುತ್ತೇನೆ: ಇದರ ಜೊತೆ ಬಂದ ಒಂದನ್ನು ಕೊಯ್ದು ನೋಡಿದ್ದೇನೆ, ಇನ್ನೊಂದನ್ನು ತೊಟ್ಟು ನೀರಿಗೆ ಇಳಿದಿದ್ದೇನೆ, ನನಗೆ ಇನ್ನೂ ಈಜು ಬರುವುದಿಲ್ಲ.